ಅಡಿಕೆ ಮರದ ಕಾಂಡಕ್ಕೂ ನೆರಳು ಬೇಕು



ಬೇಸಗೆ ಬಂತೆಂದರೆ ನಾವೆಲ್ಲ ಬುಡದ ನೀರಿನ ಚಿಂತೆ ಮಾಡುತ್ತೇವೆ, ಕಾಂಡವನ್ನು ಮರೆಯುತ್ತೇವೆ. ನೈಋತ್ಯದಿಂದ ಬೀಳುವ ಇಳಿಬಿಸಿಲು ಅಡಿಕೆ ಮರದ ಆ ಮಗ್ಗುಲನ್ನು ಸುಡುತ್ತದೆ. ಮೊದಲು ಹೊಂಬಣ್ಣದ ಮಚ್ಚೆ ಕಾಣುತ್ತದೆ, ಆಮೇಲೆ ಅದು ಕಂದಾಗಿ ಬಿರುಕು ಬಿಡುತ್ತದೆ. ಬಿರುಕಿಗೆ ಕೊಳೆ ಸೇರಿದ ಮರ ಮುಂದೊಂದು ಗಾಳಿಗೆ ಅಲ್ಲಿಯೇ ಮುರಿಯುತ್ತದೆ.

ನಮ್ಮ ತೋಟದ ಪಡುವಣ ಅಂಚಿನ ಹಲಸನ್ನು ಕಡಿಸಿದ ತಪ್ಪಿಗೆ ಹನ್ನೊಂದು ಫಲದ ಮರ ಕಳೆದುಕೊಂಡೆವು. ಹಲಸಿನ ದಿಮ್ಮಿಗೆ ಬಂದ ಹಣವೆಷ್ಟೆಂದು ಕೇಳಬೇಡಿ!

ಸುಟ್ಟ ಕಾಂಡಕ್ಕೆ ಮದ್ದಿಲ್ಲ. ದೀಪಾವಳಿ ಕಳೆದೊಡನೆ ದಕ್ಷಿಣ, ಪಶ್ಚಿಮ ಅಂಚಿನ ಮರಗಳಿಗೆ ಸೋಗೆಯನ್ನೋ ಹಾಳೆಯನ್ನೋ ಕಟ್ಟಿಸಿ. ಆಗದಿದ್ದರೆ ಸುಣ್ಣವನ್ನಾದರೂ ಬಳಿಸಿ. ಆ ಅಂಚುಗಳಲ್ಲಿ ಬೇಗ ಬೆಳೆಯುವ ನೆರಳಿನ ಗಿಡ ನೆಡಿ. ಹೊಸ ತೋಟ ಮಾಡುವವರು ಉತ್ತರ–ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ಗುಂಡಿ ತೆಗೆಸಿದರೆ, ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಬೀಳುತ್ತದೆ.