ಕೊಡಗಿನ ಮನೆಗೊಂದು ಗೇಮಿಂಗ್ ಲ್ಯಾಪ್‌ಟಾಪ್

ಭೂಗೋಳಶಾಸ್ತ್ರವನ್ನು ಐಚ್ಛಿಕವಾಗಿ ಓದುವವರು ಆಟದ ಗಣಕಯಂತ್ರದ ವಿಚಾರ ಬರೆಯುವುದೇಕೆಂದು ನಮ್ಮ ಉಪನ್ಯಾಸಕರಲ್ಲಿ ಕೆಲವರಾದರೂ ಹುಬ್ಬೇರಿಸುವರೆಂದು ಬಲ್ಲೆ. ಆದರೆ ೨೦೨೪ರ ಬೇಸಗೆಯಲ್ಲಿ ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೆಣಸು ಮಾರಿದ ಹಣದಲ್ಲಿ ಒಂದು ಲಕ್ಷ ರೂಪಾಯಿ ತೆಗೆದಿರಿಸಿ, "ಮನೆಗೆ ಒಂದೇ ಯಂತ್ರ. ಇನ್ನು ಐದು ವರ್ಷ ಯಾರೂ ಬಾಯಿ ತೆರೆಯಬಾರದು" ಎಂದು ತಂದೆಯವರು ಕಟ್ಟಪ್ಪಣೆ ಮಾಡಿದ್ದರು. ನನಗೆ ಕ್ಯೂಜಿಐಎಸ್‌ನಲ್ಲಿ ನಕ್ಷೆ ಬರೆಯಬೇಕು, ತಮ್ಮನಿಗೆ ಆಟವಾಡಬೇಕು, ತಂದೆಯವರಿಗೆ ತೋಟದ ಲೆಕ್ಕ ಇಡಬೇಕು. ನಕ್ಷೆಗೂ ಆಟಕ್ಕೂ ಬಲವಾದ ಯಂತ್ರವೇ ಬೇಕಾದುದರಿಂದ ನಾನೂ ತಮ್ಮನೂ ಅಪರೂಪಕ್ಕೆ ಒಂದೇ ಪಕ್ಷದವರಾದೆವು.

ಮೊದಲು ನಾನು ವಾದಿಸಿದ್ದು ಡೆಸ್ಕ್‌ಟಾಪಿನ ಪರವಾಗಿಯೇ. ಅಷ್ಟೇ ಹಣಕ್ಕೆ ಅದರಲ್ಲಿ ಹೆಚ್ಚು ಬಲ ದೊರೆಯುತ್ತದೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟು ಬಲವೋ ಕೊನೆಯವರೆಗೂ ಅಷ್ಟೇ. ಈ ವಾದವನ್ನು ಅವ್ವ ಒಂದೇ ಮಾತಿನಲ್ಲಿ ಮುರಿದರು: "ಮತ್ತೆ ಮನೆ ಬಿಡಬೇಕಾಗಿ ಬಂದರೆ ಆ ಪೆಟ್ಟಿಗೆಯನ್ನು ಹೊತ್ತುಕೊಂಡು ಗುಡ್ಡ ಇಳಿಯುವವರು ಯಾರು?"

೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಕುಸಿದುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆಗ ಉಟ್ಟ ಬಟ್ಟೆಯಲ್ಲಿ ಹೊರಟವರಲ್ಲಿ ನಾವೂ ಇದ್ದೆವು. ಮೂರು ವಾರಗಳ ಮೇಲೆ ಹಿಂದಿರುಗಿದಾಗ ಮನೆ ನಿಂತಿತ್ತು. ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಮಾತ್ರ ತೇವಕ್ಕೆ ಕೆಟ್ಟು, ಅಜ್ಜನ ಕೊನೆಯ ವರ್ಷಗಳ ಚಿತ್ರಗಳೆಲ್ಲ ಹೋಗಿದ್ದವು. ಬೇರೆ ಡಿಸ್ಕ್ ಹಾಕಿಸಿ ಅದೇ ಯಂತ್ರವನ್ನು ಆರು ವರ್ಷ ನಡೆಸಿದೆವು. ಹೀಗಾಗಿ ಅವ್ವನ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಹೊತ್ತೊಯ್ಯುವ ಗಣಕದ ಆಸೆ ಹೊಸದೇನಲ್ಲ. ತಿರುವಣ್ಣಾಮಲೆಯಲ್ಲಿ ಬಾಲ್ಯ ಕಳೆದ ಆಡಮ್ ಆಸ್ಬರ್ನ್ ಎಂಬಾತ ೧೯೮೧ರಲ್ಲಿ ಅಮೆರಿಕದಲ್ಲಿ ಅಂಥದೊಂದನ್ನು ಮಾರಾಟಕ್ಕಿಟ್ಟ. ತೂಕ ಸುಮಾರು ೧೧ ಕಿಲೋ, ಪರದೆ ೫ ಅಂಗುಲ. ಒಳಗೆ ಬ್ಯಾಟರಿ ಇಲ್ಲ. ಹೊತ್ತುಕೊಂಡು ಹೋದಲ್ಲೆಲ್ಲ ಪ್ಲಗ್ ಹುಡುಕಬೇಕಿತ್ತು! ಇಂದಿನ ಗೇಮಿಂಗ್ ಲ್ಯಾಪ್‌ಟಾಪು ಒಂದರ್ಥದಲ್ಲಿ ಅದರ ವಂಶದ್ದೇ ಎಂಬುದು ಮುಂದೆ ತಿಳಿಯುತ್ತದೆ.

ಮೈಸೂರಿನ ಅಂಗಡಿಯೊಂದರಲ್ಲಿ ನಮ್ಮ ಮುಂದೆ ಎರಡು ಯಂತ್ರಗಳನ್ನಿಟ್ಟರು. ಎರಡರ ಮೇಲೂ ಆರ್‌ಟಿಎಕ್ಸ್ ೪೦೬೦ ಎಂಬ ಒಂದೇ ಚೀಟಿ. ಒಂದು ತೆಳು, ನೋಡಲು ಚೆಲುವು. ಇನ್ನೊಂದು ಇಟ್ಟಿಗೆಯಂತೆ ದಪ್ಪ. ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲವಾಗಿ ತಮ್ಮ ತೆಳುವಾದುದನ್ನು ಆಗಲೇ ಮನಸ್ಸಿನಲ್ಲಿ ಮನೆಗೆ ತಂದಾಗಿತ್ತು. ಮೋಸಹೋಗುವ ಜಾಗ ಇದೇ. ಲ್ಯಾಪ್‌ಟಾಪಿನ ಈ ಚಿಪ್ಪನ್ನು ೩೫ ವಾಟಿನಿಂದ ೧೧೫ ವಾಟಿನವರೆಗೆ ಎಷ್ಟರಲ್ಲಿ ಬೇಕಾದರೂ ನಡೆಸಲು ತಯಾರಕರಿಗೆ ಅವಕಾಶವಿದೆ. ಒಳ್ಳೆಯ ತಳಿಯ ಎತ್ತಾದರೂ ಅರೆಹೊಟ್ಟೆಯಲ್ಲಿ ನೇಗಿಲೆಳೆಯಲಾರದು. ಉಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರದೂಡಲು ತಾಮ್ರದ ಕೊಳವೆ, ಫ್ಯಾನುಗಳಿಗೆ ಜಾಗ ಬೇಕು. ತೆಳುವಿನಲ್ಲಿ ಆ ಜಾಗವಿಲ್ಲ. ವಿವರಪಟ್ಟಿಯಲ್ಲಿ ಹುಡುಕಿದಾಗ ತೆಳುವಿನದು ೪೫ ವಾಟು, ದಪ್ಪನೆಯದು ೧೧೫. ಹೆಸರನ್ನು ನಂಬಬಾರದೆಂಬುದಕ್ಕೆ ಇನ್ನೊಂದು ನಿದರ್ಶನ: ಆರ್‌ಟಿಎಕ್ಸ್ ೪೦೯೦ ಎಂಬ ಡೆಸ್ಕ್‌ಟಾಪ್ ಕಾರ್ಡಿನಲ್ಲಿ ೨೪ ಜಿಬಿ ಮೆಮೊರಿ ಇದ್ದರೆ, ಅದೇ ಅಂಕೆಯ ಲ್ಯಾಪ್‌ಟಾಪ್ ಚಿಪ್ಪಿಗೆ ಇರುವುದು ೧೬ ಮಾತ್ರ, ಚಿಪ್ಪೇ ಬೇರೆ.

ದಪ್ಪನೆಯದನ್ನೇ ಕೊಂಡೆವು. ಯಂತ್ರ ೨.೪ ಕಿಲೋ, ಅದರ ಅಡಾಪ್ಟರೇ ಮುಕ್ಕಾಲು ಕಿಲೋ. ರ‍್ಯಾಮ್ ೧೬ ಜಿಬಿ, ಒಂದೇ ಕಡ್ಡಿಯಲ್ಲಿ. ಪಕ್ಕದ ಸ್ಲಾಟು ಖಾಲಿ. ಅಲ್ಲಿಗೆ ಜೊತೆಯದೊಂದನ್ನು ಸೇರಿಸಿದರೆ ಮೆಮೊರಿ ಹೆಚ್ಚುವುದಲ್ಲದೆ ವೇಗವೂ ಹೆಚ್ಚುತ್ತದೆ. ರ‍್ಯಾಮನ್ನು ಬೆಸೆದೇಬಿಟ್ಟ ಯಂತ್ರಗಳಿಗೆ ಈ ಭಾಗ್ಯವಿಲ್ಲ. ಐದು ವರ್ಷ ಬಾಯಿ ಮುಚ್ಚಿರಬೇಕಾದವರು ಇದನ್ನು ಕೇಳಿಯೇ ಹಣ ಕೊಡಬೇಕು.

ಇನ್ನು ಕರೆಂಟಿನ ಕಥೆ. ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ದಿನಗಟ್ಟಲೆ ಕತ್ತಲೆ. ಬ್ಯಾಟರಿಯಿರುವುದರಿಂದ ಆಟಕ್ಕೇನೂ ತೊಂದರೆಯಿಲ್ಲವೆಂದು ತಮ್ಮ ಭಾವಿಸಿದ್ದ. ಲೆಕ್ಕ ಹಾಕಿ ನೋಡೋಣ: ಬ್ಯಾಟರಿ ೬೦ ವಾಟ್-ಗಂಟೆ, ಆಟವಾಡುವಾಗ ಯಂತ್ರ ೧೫೦ ವಾಟು ಬೇಡಿದರೆ ೨೪ ನಿಮಿಷಕ್ಕೆ ಮುಗಿಯಿತು. ಅಷ್ಟು ರಭಸದಿಂದ ಕೊಡಲು ಬ್ಯಾಟರಿಗೆ ಸಾಧ್ಯವಿಲ್ಲದ ಕಾರಣ ಪ್ಲಗ್ ಕಿತ್ತೊಡನೆ ಯಂತ್ರ ತಾನೇ ತನ್ನ ಬಲವನ್ನು ತಗ್ಗಿಸಿಕೊಳ್ಳುತ್ತದೆ. ದೊಡ್ಡ ಬ್ಯಾಟರಿ ಹಾಕಬಾರದೇ ಎಂದರೆ, ೧೦೦ ವಾಟ್-ಗಂಟೆ ಮೀರಿದುದನ್ನು ವಿಮಾನದಲ್ಲಿ ಒಯ್ಯಲು ಕಂಪನಿಯ ಅನುಮತಿ ಬೇಕು. ಆದುದರಿಂದ ತಯಾರಕರು ಆ ಗೆರೆ ದಾಟುವುದಿಲ್ಲ. ಆಸ್ಬರ್ನನ ಪೆಟ್ಟಿಗೆಯ ವಂಶವೆಂದದ್ದು ಇದಕ್ಕೇ. ಆದರೆ ಲೆಕ್ಕಪತ್ರ, ಟೈಪಿಂಗಿನಂಥ ಹಗುರ ಕೆಲಸ ಕತ್ತಲೆಯಲ್ಲಿಯೂ ಕೆಲವು ಗಂಟೆ ಸಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಪ್ಲಗ್ ಕಿತ್ತಿಟ್ಟು ಕೆಲಸ ಮುಂದುವರಿಸಬಹುದೆಂಬುದು ಡೆಸ್ಕ್‌ಟಾಪಿನಲ್ಲಿ ನಾವು ಕಾಣದಿದ್ದ ಸುಖ. ದಿನವಿಡೀ ಪ್ಲಗ್ಗಿನಲ್ಲೇ ಇರುವ ಯಂತ್ರದ ಬ್ಯಾಟರಿ ಬೇಗ ಸೊರಗುತ್ತದೆ. ಶೇಕಡಾ ೮೦ಕ್ಕೆ ಚಾರ್ಜು ನಿಲ್ಲುವಂತೆ ಸೆಟ್ಟಿಂಗಿನಲ್ಲಿ ಕಟ್ಟು ಹಾಕಿದ್ದೇನೆ. ಯಂತ್ರದ ಮೈ ಮುಟ್ಟಿದರೆ ಜುಮ್ಮೆನ್ನುವಂತಿದ್ದರೆ ಮೊದಲು ಗೋಡೆಯ ಅರ್ತಿಂಗ್ ಸರಿಯಿದೆಯೇ ಎಂದು ನೋಡಿಸಿ. ನಮ್ಮ ಹಳೆಯ ಮನೆಯಲ್ಲಿ ಅರ್ತಿಂಗೇ ಇರಲಿಲ್ಲ.

ನಮ್ಮ ತಂಪು ಹವೆ ಈ ಯಂತ್ರಗಳಿಗೆ ವರವೇ. ಸುತ್ತಲ ಗಾಳಿ ತಂಪಾದಷ್ಟೂ ಚಿಪ್ಪು ತಂಪು. ಶತ್ರು ಎಂದರೆ ತೇವ. ಆಷಾಢದಲ್ಲಿ ಬೀರುವಿನ ಚಪ್ಪಲಿಗೆ ಬೂಸು ಹಿಡಿಯುವ ಊರಿನಲ್ಲಿ ಲ್ಯಾಪ್‌ಟಾಪನ್ನು ಚೀಲದಲ್ಲಿ ಮುಚ್ಚಿಟ್ಟು ಕಾಪಾಡುತ್ತೇನೆಂಬುದು ಭ್ರಮೆ. ದಿನವೂ ಒಂದು ಗಂಟೆ ನಡೆಸಿದರೆ ತನ್ನ ಶಾಖದಿಂದ ತಾನೇ ಒಣಗಿಕೊಳ್ಳುತ್ತದೆ. ಮಳೆಯಲ್ಲಿ ತಣ್ಣಗಾಗಿ ಬಂದ ಯಂತ್ರವನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ಚಾಲೂ ಮಾಡಬಾರದು, ಒಳಗೆ ಹನಿಗಟ್ಟಿರಬಹುದು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವಾಟು ವಾಟೆಂದು ಹುಡುಕಿದ ನಾನು ಪರದೆಯ ಸಾಲನ್ನು ಓದಲೇ ಇಲ್ಲ. ೪೫% ಎನ್‌ಟಿಎಸ್‌ಸಿ ಎಂದಿತ್ತು. ಹಾಗೆಂದರೆ ಬಣ್ಣ ಮಾಸಿದ ಪರದೆ. ೧೦೦% ಎಸ್‌ಆರ್‌ಜಿಬಿ ಎಂದಿರುವುದನ್ನು ಕೇಳಬೇಕಿತ್ತು. ನನ್ನ ನಕ್ಷೆಯಲ್ಲಿ ಕಾಡಿನ ಹಸಿರೂ ಕಾಫಿ ತೋಟದ ಹಸಿರೂ ಒಂದೇ ಆಗಿ ಕಂಡಾಗ ಎದೆ ಧಸಕ್ಕೆಂದಿತು. ೨೦೧೮ರಲ್ಲಿ ಉಳಿದಿದ್ದ ಡೆಸ್ಕ್‌ಟಾಪಿನ ಮಾನಿಟರನ್ನು ಅಟ್ಟದಿಂದಿಳಿಸಿ, ಒರೆಸಿ, ಎಚ್‌ಡಿಎಂಐ ತಂತಿಯಿಂದ ಜೋಡಿಸಿದೆ. ಕಾಡು ಬೇರೆ, ತೋಟ ಬೇರೆಯಾಯಿತು. ಈಗ ಮೇಜಿನ ಮೇಲೆ ಹಳೆಯ ಮಾನಿಟರು, ಹಳೆಯ ಕೀಲಿಮಣೆ, ಪಕ್ಕದಲ್ಲಿ ಆ ಇಟ್ಟಿಗೆ. ಅಜ್ಜನ ಚಿತ್ರಗಳಲ್ಲಿ ಚಿಕ್ಕಪ್ಪನ ಫೋನಿನಲ್ಲಿ ಸಿಕ್ಕ ಹನ್ನೊಂದನ್ನು ಅದರಲ್ಲಿಯೂ, ಒಂದು ಹೊರಡಿಸ್ಕಿನಲ್ಲಿಯೂ ಇಟ್ಟಿದ್ದೇನೆ. ಆ ಡಿಸ್ಕ್ ಇರುವುದು ಅವ್ವನ ಕಬ್ಬಿಣದ ಪೆಟ್ಟಿಗೆಯಲ್ಲಿ, ಜಾಗದ ಪತ್ರಗಳ ಜೊತೆಗೆ.