ಸ್ಕ್ರೂ ಮುಟ್ಟುವ ಮೊದಲು

ದೂರದರ್ಶಕದ ಕನ್ನಡಿ ಜರುಗಿದೆ ಎಂದು ನನ್ನ ಹತ್ತಿರ ಬರುವ ಬಹಳ ಮಂದಿಯ ಕನ್ನಡಿ ಜರುಗಿರುವುದೇ ಇಲ್ಲ. ಆಳಂದದ ಕಡೆಯ ಮಾಸ್ತರರು, ಕಲಬುರಗಿಯ ಕಾಲೇಜು ಹುಡುಗರು, ಒಮ್ಮೆ ಅಕ್ಕಲಕೋಟೆಯಿಂದ ಬಂದ ಔಷಧಿ ಅಂಗಡಿಯವರು, ಎಲ್ಲರದೂ ಒಂದೇ ದೂರು: "ಗುರು ಮಬ್ಬ ಕಾಣ್ಲಕತ್ಯಾನ್ರಿ, ಪಟ್ಟಿ ಕಾಣವಲ್ವು." ಬರುವಾಗಲೇ ಕೈಯಲ್ಲಿ ಅಲೆನ್ ಕೀ ಹಿಡಿದಿರುತ್ತಾರೆ. ನಾನು ಮೊದಲು ಅದನ್ನು ಇಸಿದುಕೊಂಡು ಕಿಸೆಗೆ ಹಾಕಿಕೊಳ್ಳುತ್ತೇನೆ. ಕನ್ನಡಿ ಕೂಡಿಸುವುದು ಅರ್ಧ ತಾಸಿನ ಕೆಲಸ. ಅದನ್ನು ಕೂಡಿಸಬೇಕಾಗಿದೆಯೋ ಇಲ್ಲವೋ ಎಂದು ಗುರುತಿಸುವುದಕ್ಕೆ ನನಗೆ ವರ್ಷಗಳೇ ಹಿಡಿದವು.

ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ನಮ್ಮ ಭೂಸನೂರಿನಲ್ಲಿ ಆಕಾಶ ನೋಡುವ ಹವ್ಯಾಸಕ್ಕೆ ಒಂದು ವಿಚಿತ್ರ ತೊಡಕಿದೆ. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತಿಗೇ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಕೈ ಬಿಡುವಾಗುವ ಆಷಾಢ ಶ್ರಾವಣದಲ್ಲಿ ತಲೆ ಮೇಲೆ ಮೋಡ. ರಾತ್ರಿ ಪಾಳಿ ಇಲ್ಲದ ವಾರಗಳಲ್ಲಷ್ಟೇ ನನಗೆ ನಕ್ಷತ್ರ. ಅಂಥ ರಾತ್ರಿಯನ್ನು ಸ್ಕ್ರೂ ತಿರುವುತ್ತ ಕಳೆಯುವುದು ನನಗೆ ಒಗ್ಗದು. ಹಾಗಾಗಿ ಹಗಲಿನ ಕೆಲಸ ಹಗಲಲ್ಲೇ ಮುಗಿಸುವುದು ನನ್ನ ಪದ್ಧತಿ.

ನನ್ನದು 150 ಮಿ.ಮೀ. ಕನ್ನಡಿಯ, 1200 ಮಿ.ಮೀ. ಸಂಗಮ ದೂರದ ಡಾಬ್ಸೋನಿಯನ್ ದೂರದರ್ಶಕ. ನ್ಯೂಟನ್ 1668ರಲ್ಲಿ ಮಾಡಿದ ಪ್ರತಿಫಲನ ದೂರದರ್ಶಕದ ಏರ್ಪಾಡೇ ಇದರಲ್ಲೂ ಇದೆ. ಕೊಳವೆಯ ತಳದಲ್ಲಿ ತಗ್ಗು ಕನ್ನಡಿ, ಬಾಯಿಯ ಹತ್ತಿರ 45 ಡಿಗ್ರಿ ಓರೆಯಾಗಿ ನಿಂತ ಚಪ್ಪಟೆ ಕಿರುಗನ್ನಡಿ, ಪಕ್ಕಕ್ಕೆ ಐಪೀಸ್ ಕೂರುವ ಫೋಕಸರ್. ತಳದ ಕನ್ನಡಿ ನಕ್ಷತ್ರದ ಬೆಳಕನ್ನು ಒಂದು ಬಿಂದುವಿಗೆ ತರುವುದು ತನ್ನ ಅಕ್ಷದ ಮೇಲೆ ಮಾತ್ರ. ಅಕ್ಷದಿಂದ ಆಚೆ ಸರಿದಂತೆ ಚುಕ್ಕಿಗೆ ಧೂಮಕೇತುವಿನಂತೆ ಬಾಲ ಮೂಡುತ್ತದೆ. ಆ ಅಕ್ಷ ಐಪೀಸಿನ ನಟ್ಟನಡುವೆ ಬರುವಂತೆ ಎರಡೂ ಕನ್ನಡಿಗಳನ್ನು ಓಲಿಸುವುದಕ್ಕೆ ಕಾಲಿಮೇಷನ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ 'ಕನ್ನಡಿ ಕೂಡಸೂದು' ಅಂತಲೇ ಹೆಸರು.

ಹಗಲಿನ ಕೆಲಸಕ್ಕೆ ಬೇಕಾದ ಸಾಮಾನು ಕಡಿಮೆ. ನಡುವೆ ಸಣ್ಣ ತೂತು ಕೊರೆದ ಒಂದು ಡಬ್ಬಿ ಮುಚ್ಚಳ ಫೋಕಸರಿಗೆ ಬಿಗಿಯಾಗಿ ಕೂರಬೇಕು. ತಳದ ಕನ್ನಡಿಯ ನಡುಮಧ್ಯೆ ಫೈಲಿನ ತೂತಿಗೆ ಅಂಟಿಸುವ ಬಳೆಯಂಥ ಸ್ಟಿಕ್ಕರ್ ಇರಬೇಕು. ಅದರಿಂದ ನೋಟಕ್ಕೆ ನಷ್ಟವಿಲ್ಲ. ಆ ಜಾಗ ಹೇಗೂ ಕಿರುಗನ್ನಡಿಯ ನೆರಳಲ್ಲೇ ಇರುತ್ತದೆ. ತೂತಿಗೆ ಕಣ್ಣಿಟ್ಟರೆ ಮೊದಲು ಕಿರುಗನ್ನಡಿ ಫೋಕಸರಿನ ಕೆಳಗೆ ದುಂಡಗೆ, ನಡುವೆ ಕಾಣಬೇಕು. ಒಂದರೊಳಗೊಂದು ಬಿಂಬ ಕಂಡು ಗೊಂದಲವಾದರೆ, ಕಿರುಗನ್ನಡಿಯ ಹಿಂದೆ ಬಣ್ಣದ ಹಾಳೆ ಇಟ್ಟು, ತಳದ ಕನ್ನಡಿ ಕಾಣದಂತೆ ಇನ್ನೊಂದು ಹಾಳೆ ಅಡ್ಡ ಹಿಡಿಯಬೇಕು. ಅಂಚು ತಟ್ಟನೆ ತಿಳಿಯುತ್ತದೆ. ಎರಡನೆಯದಾಗಿ ಕಿರುಗನ್ನಡಿಯನ್ನು ಓಲಿಸಿ, ತಳದ ಕನ್ನಡಿಯನ್ನು ಹಿಡಿದ ಮೂರೂ ಕ್ಲಿಪ್ಪುಗಳು ಸಮನಾಗಿ ಕಾಣುವಂತೆ ಮಾಡಬೇಕು. ಈ ಹೊತ್ತಿನಲ್ಲಿ ಕೊಳವೆ ಮಲಗಿರಲಿ. ಕೈಜಾರಿದ ಅಲೆನ್ ಕೀ ನಿಂತ ಕೊಳವೆಯಲ್ಲಿ ನೇರ ಹೋಗಿ ಬೀಳುವುದು ತಳದ ಕನ್ನಡಿಯ ಮೇಲೆ. ಕೊನೆಗೆ ಹಿಂದಿನ ಮೂರು ಸ್ಕ್ರೂಗಳಿಂದ ತಳದ ಕನ್ನಡಿಯನ್ನು ಓಲಿಸಿ, ಮುಚ್ಚಳದ ತೂತಿನ ಬಿಂಬವನ್ನು ಬಳೆಯ ಒಳಗೆ ತರಬೇಕು.

ಈ ಕೊನೆಯ ಹಂತ ಒಬ್ಬರಿಂದ ಆಗುವುದಿಲ್ಲ. ಕಣ್ಣು ಕೊಳವೆಯ ಒಂದು ತುದಿಯಲ್ಲಿ, ಸ್ಕ್ರೂ ಇನ್ನೊಂದು ತುದಿಯಲ್ಲಿ; ನನ್ನ ಕೈ ಅಷ್ಟು ಉದ್ದವಿಲ್ಲ. ಸ್ಕ್ರೂಗಳಿಗೆ ಕೆಂಪು, ನೀಲಿ, ಬಿಳಿ ಟೇಪು ಸುತ್ತಿ ಮಗಳನ್ನು ಆ ಕಡೆ ಕೂಡಿಸುತ್ತೇನೆ.

"ಕೆಂಪಂದು ಸ್ವಲ್ಪ ಬಿಗಿ ಮಾಡವ್ವ."

"ಸಾಕಾ ಪಪ್ಪಾ?"

"ಭಾಳ ಆತು, ಹಿಂದಕ್ಕ ತಿರುಗಸು. ಹಾಂ, ನೀಲಿ ಸಡ್ಲ ಮಾಡು, ಒಂದೀಟೇ."

ಕನ್ನಡಿ ಎಷ್ಟು ಓಲುತ್ತದೋ ಅದರ ಎರಡರಷ್ಟು ಬೆಳಕು ತಿರುಗುತ್ತದೆ. ಅದಕ್ಕೇ 'ಒಂದೀಟೇ' ಎನ್ನುವುದು ಇಲ್ಲಿ ಉಪಚಾರದ ಮಾತಲ್ಲ. ಮೂರನ್ನೂ ಬಿಗಿ ಮಾಡುತ್ತಲೇ ಹೋದರೆ ಸ್ಪ್ರಿಂಗು ಸಪಾಟಾಗಿ ಮುಂದೆ ತಿರುವಲು ಜಾಗವೇ ಉಳಿಯದು. ಒಂದು ಬಿಗಿ ಮಾಡಿದರೆ ಎದುರಿನದು ಸಡಿಲವಾಗಬೇಕು.

ಲೇಸರ್ ಇದ್ದರೆ ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ಲೇಸರ್ ನನ್ನ ಬಳಿಯೂ ಇದೆ. ಆದರೆ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಸಕ್ಕರೆಯಂಶ ತಿಳಿಸುವ ಬ್ರಿಕ್ಸ್ ನೋಡುವ ಮೊದಲು ಶುದ್ಧ ನೀರಿನ ಹನಿ ಇಟ್ಟು ರಿಫ್ರ್ಯಾಕ್ಟೋಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಿದ ಮೇಲೇ ಅಂಕಿ ಬರೆಯುವುದು. ಹವ್ಯಾಸಿಗಳು ಲೇಸರಿಗೆ ಆ ಪರೀಕ್ಷೆ ಮಾಡುವುದನ್ನು ನಾನು ಕಂಡಿದ್ದೇ ಕಡಿಮೆ. ಫೋಕಸರಿನಲ್ಲಿಟ್ಟು ಅದನ್ನು ಮೆಲ್ಲಗೆ ತಿರುಗಿಸಿ ನೋಡಿ. ತಳದ ಕನ್ನಡಿಯ ಮೇಲೆ ಕೆಂಪು ಚುಕ್ಕಿ ನಿಂತಲ್ಲೇ ನಿಂತರೆ ಸರಿ. ವೃತ್ತ ಬರೆದರೆ ಲೇಸರೇ ಓರೆ. ಓರೆ ಲೇಸರು ಎಂಥ ಸರಿಯಾದ ದೂರದರ್ಶಕವನ್ನೂ ಓರೆ ಮಾಡಿಕೊಡುತ್ತದೆ, ಅದೂ ಬಹಳ ನಿಖರವಾಗಿ. ಅಗ್ಗದ ಲೇಸರಿಗಿಂತ ತೂತಿನ ಮುಚ್ಚಳ ಮೇಲು ಎಂಬುದು ನನ್ನ ಅಭಿಪ್ರಾಯ. ಮುಚ್ಚಳಕ್ಕೆ ಸುಳ್ಳು ಹೇಳಲು ಅವಕಾಶ ಕಡಿಮೆ.

ಇನ್ನು ರಾತ್ರಿಯದು. ತೀರ್ಪು ಕೊಡುವುದು ನಕ್ಷತ್ರವೇ. ಹೆಚ್ಚು ವರ್ಧನೆಯ ಐಪೀಸ್ ಹಾಕಿ, ನಡುಪ್ರಮಾಣದ ಹೊಳಪಿನ ನಕ್ಷತ್ರವನ್ನು ನೋಟದ ಕ್ಷೇತ್ರದ ನಡುವೆ ನಿಲ್ಲಿಸಿ, ಫೋಕಸನ್ನು ಸ್ವಲ್ಪ ಕೆಡಿಸಬೇಕು. ಆಗ ಚುಕ್ಕಿ ಅಗಲವಾಗಿ, ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ ಬಳೆಯೊಳಗೆ ಬಳೆ ಮೂಡುತ್ತವೆ. ಬಳೆಗಳಿಗೆಲ್ಲ ಒಂದೇ ಕೇಂದ್ರವಿದ್ದರೆ ಕನ್ನಡಿ ಕೂತಿದೆ. ಒಂದು ಬದಿಗೆ ಒತ್ತರಿಸಿದ್ದರೆ ಇಲ್ಲ. ನಕ್ಷತ್ರ ನಡುವೆಯೇ ಇರಬೇಕು ಎಂಬುದನ್ನು ಮರೆಯಬಾರದು. ಅಂಚಿಗೆ ಸರಿದರೆ ಸರಿಯಾದ ಕನ್ನಡಿಯೂ ತಪ್ಪಿತಸ್ಥನಂತೆ ಕಾಣುತ್ತದೆ.

ಮೋಟಾರಿಲ್ಲದ ಡಾಬ್ಸೋನಿಯನ್‌ನಲ್ಲಿ ನಕ್ಷತ್ರ ಓಡುತ್ತಿರುತ್ತದೆ. ಅದಕ್ಕೆ ಹೆಚ್ಚಿನ ಪುಸ್ತಕಗಳು ಧ್ರುವ ನಕ್ಷತ್ರವನ್ನು ಹಿಡಿಯಿರಿ ಎನ್ನುತ್ತವೆ. ಅದು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ, ಹೊಳಪೂ ಹದವಾಗಿದೆ. ಆದರೆ ಆ ಪುಸ್ತಕ ಬರೆದವರು ಲಂಡನ್, ನ್ಯೂಯಾರ್ಕ್ ಕಡೆಯವರು. ಅವರಿಗೆ ಧ್ರುವ ಎತ್ತರದಲ್ಲಿದೆ. ನಮ್ಮ ಅಕ್ಷಾಂಶ ಸುಮಾರು ಹದಿನೇಳೂವರೆ ಡಿಗ್ರಿ, ಧ್ರುವವೂ ದಿಗಂತದಿಂದ ಅಷ್ಟೇ ಎತ್ತರ. ಕಟಾವಾದ ಹೊಲಗಳಲ್ಲಿ ರವದಿ ಸುಡುವ ಹೊಗೆ, ಟ್ರ್ಯಾಕ್ಟರುಗಳ ಧೂಳು ಎಲ್ಲವೂ ಆ ಎತ್ತರದಲ್ಲೇ ಹಾಸಿರುತ್ತವೆ. ಅದೂ ಅಲ್ಲದೆ ಕೊಳವೆ ಬಹುಪಾಲು ಮಲಗಿದಾಗ ತಳದ ಕನ್ನಡಿ ಕ್ಲಿಪ್ಪಿನ ಕಡೆ ಕೊಂಚ ವಾಲುತ್ತದೆ; ಮೇಲಕ್ಕೆ ಎತ್ತಿದಾಗ ಮತ್ತೆ ಹಿಂದಕ್ಕೆ ಕೂರುತ್ತದೆ. ಧ್ರುವದ ಮೇಲೆ ಕೂಡಿಸಿದ್ದು ರೋಹಿಣಿಯ ಮೇಲೆ ತಪ್ಪುವುದು ಹೀಗೆ. ನಾನು ಧ್ರುವದಲ್ಲಿ ಒಂದು ಅಂದಾಜು ನೋಡಿಕೊಂಡು, ಕೊನೆಯ ತಿರುವನ್ನು ಐವತ್ತು ಅರವತ್ತು ಡಿಗ್ರಿ ಎತ್ತರದ ನಕ್ಷತ್ರದ ಮೇಲೆಯೇ ಕೊಡುತ್ತೇನೆ. ಗ್ರಹಗಳನ್ನು ನೋಡುವುದೂ ಆ ಎತ್ತರದಲ್ಲೇ ತಾನೆ.

ಹಾಗಾದರೆ ಜನ ತರುವ ದೂರು ಎಲ್ಲಿಂದ ಬರುತ್ತದೆ? ಬಹುಪಾಲು ಬಿಸಿಯಿಂದ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತದೆ. ಅದರ ಮೇಲೆ ದೂರದರ್ಶಕ ಇಟ್ಟರೆ ನೋಟ ಕುದಿಯುತ್ತದೆ. ತಳದ ಕನ್ನಡಿಯ ದಪ್ಪ ಗಾಜಿನಲ್ಲೂ ಶಾಖ ಉಳಿದಿರುತ್ತದೆ. ಅದು ಆರುವವರೆಗೆ ಕೊಳವೆಯೊಳಗೆ ಬಿಸಿಗಾಳಿ ಹೊರಳುತ್ತದೆ. ಎರಡು ದೋಷಗಳನ್ನು ಬೇರ್ಪಡಿಸಲು ನನ್ನ ಕ್ರಮ ಇಷ್ಟೇ: ಅಲುಗಾಡುವುದು ಗಾಳಿ, ಅಲುಗಾಡದ್ದು ಕನ್ನಡಿ. ಬಳೆಗಳು ನಿಮಿಷಕ್ಕೊಂದು ಕಡೆ ಉಬ್ಬುತ್ತಿದ್ದರೆ ಸ್ಕ್ರೂಗೂ ಅದಕ್ಕೂ ಸಂಬಂಧವಿಲ್ಲ. ಸಂಜೆಯಿಂದ ನಡುರಾತ್ರಿಯವರೆಗೂ ಅದೇ ದಿಕ್ಕಿಗೆ ಓರೆಯಾಗಿ ನಿಂತಿದ್ದರೆ ಮಾತ್ರ ಕಿಸೆಯಿಂದ ಅಲೆನ್ ಕೀ ತೆಗೆಯುತ್ತೇನೆ. ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದು ನೋಡುವುದೂ ಒಳ್ಳೆಯ ಉಪಾಯ. ಬಳೆಗಳ ಮೇಲೆ ಕೈಯ ನೆರಳು ಬೀಳುತ್ತದೆ, ಬೆರಳಿನಿಂದ ಶಾಖ ಏಳುವುದೂ ಕಾಣುತ್ತದೆ. ಬಳೆ ಒತ್ತರಿಸಿದ ಕಡೆಗೆ ಆ ನೆರಳನ್ನು ತಂದರೆ ಕೊಳವೆಯ ಯಾವ ಬದಿಯ ಸ್ಕ್ರೂ ಎಂಬುದೂ ಗೊತ್ತಾಗುತ್ತದೆ.

ನಾನು ಈಗ ಮಾಳಿಗೆ ಬಿಟ್ಟು ಹಿತ್ತಲಿನ ಮಣ್ಣಿನ ಮೇಲೆ ಇಡುತ್ತೇನೆ. ಕಾಂಕ್ರೀಟಿಗಿಂತ ಮಣ್ಣು ಬೇಗ ಆರುತ್ತದೆ. ಕೊಳವೆಯ ಹಿಂದೆ ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನ್ ಕಟ್ಟಿ, ಊಟಕ್ಕೆ ಮೊದಲೇ ಹೊರಗಿಡುತ್ತೇನೆ. ಊಟ, ಮಗಳ ಅಭ್ಯಾಸ, ಎಲೆ ಅಡಿಕೆ ಮುಗಿಯುವ ಹೊತ್ತಿಗೆ ಗಾಜು ಆರಿರುತ್ತದೆ. ಬೇಸಿಗೆಯಲ್ಲಿ ಇದೂ ಸಾಲದು. ನಲವತ್ತು ಡಿಗ್ರಿ ದಾಟಿದ ದಿನ ಬೆಳಗಿನ ಜಾವಕ್ಕಷ್ಟೇ ನೋಟ.

ಚುಕ್ಕಿ ಮೂರು ಮೂಲೆಯಾಗಿ ಕಂಡರೆ ಅದು ಬೇರೆಯೇ ಕಾಯಿಲೆ. ಕ್ಲಿಪ್ಪುಗಳು ಗಾಜನ್ನು ಹಿಸುಕುತ್ತಿವೆ ಎಂದರ್ಥ. ಕ್ಲಿಪ್ಪಿಗೂ ಕನ್ನಡಿಗೂ ನಡುವೆ ಒಂದು ಕಾಗದ ಸರಿದಾಡುವಷ್ಟು ಎಡೆ ಬೇಕು. ಬೈಕಿನಲ್ಲಿ ಒಯ್ಯುವಾಗ ಅಲುಗಬಾರದೆಂದು ಬಿಗಿ ಮಾಡುವವರಲ್ಲಿ ಇದು ಸಾಮಾನ್ಯ.

ಕನ್ನಡಿ ಕೂಡಿಸುವ ಕೆಲಸ ದೊಡ್ಡವರಿಗೂ ತಪ್ಪಿದ್ದಲ್ಲ. 2022ರ ಫೆಬ್ರವರಿಯಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಸಪ್ತರ್ಷಿ ಮಂಡಲದ ಎಚ್‌ಡಿ 84406 ಎಂಬ ನಕ್ಷತ್ರದ ಕಡೆ ತಿರುಗಿದಾಗ ಒಂದೇ ನಕ್ಷತ್ರ ಹದಿನೆಂಟಾಗಿ ಕಂಡಿತ್ತು. ಅದರ ಹದಿನೆಂಟು ಕನ್ನಡಿ ತುಂಡುಗಳು ಇನ್ನೂ ತಮ್ಮತಮ್ಮ ದಿಕ್ಕಿಗೆ ನೋಡುತ್ತಿದ್ದವು. ಮಾರ್ಚ್ ಮಧ್ಯದ ಹೊತ್ತಿಗೆ ವಿಜ್ಞಾನಿಗಳು ಅವನ್ನೆಲ್ಲ ಒಂದುಗೂಡಿಸಿದ್ದರು. ಆ ಸುದ್ದಿ ಓದಿದಾಗ ನನಗೆ ಖುಷಿ ಕೊಟ್ಟ ಸಂಗತಿ ಬೇರೆ. ಕ್ಯಾಮೆರಾ ಸಾಕಷ್ಟು ತಣ್ಣಗಾಗುವವರೆಗೆ ಅವರೂ ಕನ್ನಡಿ ಕೂಡಿಸುವ ಕೆಲಸ ಶುರು ಮಾಡದೆ ಕಾದಿದ್ದರು.

ಹೊಸದಾಗಿ ಕೊಳ್ಳುವವರು ದೊಡ್ಡ ಕನ್ನಡಿ, ಗಿಡ್ಡ ಕೊಳವೆ ಬೇಕೆನ್ನುತ್ತಾರೆ. ಸಂಗಮ ದೂರ ಕನ್ನಡಿಯ ವ್ಯಾಸದ ಎಷ್ಟು ಪಟ್ಟು ಎಂಬುದೇ ಎಫ್ ಅಂಕಿ; ನನ್ನದು ಎಫ್/8, ಅವರು ಕೇಳುವುದು ಎಫ್/4ರಂಥದ್ದು. ಎಫ್/8 ದೂರದರ್ಶಕದಲ್ಲಿ ಬಾಲ ಮೂಡದ ಚೊಕ್ಕ ನೋಟದ ವೃತ್ತ ಸುಮಾರು 11 ಮಿ.ಮೀ. ವ್ಯಾಸದ್ದು, ಎಫ್/4ರಲ್ಲಿ ಅದು ಒಂದೂವರೆ ಮಿ.ಮೀ. ಕೂಡ ಇರುವುದಿಲ್ಲ. ಆಳಂದದ ರಸ್ತೆಯಲ್ಲಿ ಒಂದು ಗುಂಡಿ ಹಾರಿಸಿದರೆ ಎಫ್/8 ತಡೆದುಕೊಳ್ಳುತ್ತದೆ, ಎಫ್/4ಕ್ಕೆ ಮತ್ತೆ ಮುಚ್ಚಳ, ಮತ್ತೆ ಮಗಳು, ಮತ್ತೆ 'ಒಂದೀಟೇ'. ಫೋಟೋ ತೆಗೆಯುವ ಹುಚ್ಚಿದ್ದರೆ ಎಫ್/4 ಕೊಳ್ಳಿ. ಕಣ್ಣಿಟ್ಟು ಶನಿಯನ್ನು ನೋಡಿ, ಓಣಿಯ ಮಂದಿಗೂ ತೋರಿಸಿ, ಬೆಳಿಗ್ಗೆ ಪಾಳಿಗೆ ಹೋಗುವವರಾದರೆ ಉದ್ದ ಕೊಳವೆಯದೇ ಇರಲಿ, ಬೈಕಿನಿಂದ ಅಷ್ಟು ಹೊರಗೆ ಚಾಚಿದರೂ ಅಡ್ಡಿಯಿಲ್ಲ.