ಡಬ್ಬಿ ಮೇಲಿನ 255

ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೊ ಎಂಜಿನ್ ಕಾರ್ಖಾನೆಯಿಂದ ಬಂದದ್ದು 150 ಎಚ್‌ಪಿಯೊಂದಿಗೆ. ಅದರಿಂದ 400 ತೆಗೆಸಬೇಕೆಂದು ಬರುವವರು ಟರ್ಬೊ, ರಾಡು, ಕ್ಲಚ್ಚುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪೆಟ್ರೋಲ್ ಪಂಪಿನ ವಿಷಯಕ್ಕೆ ಬಂದರೆ ಮಾತ್ರ ಒಂದೇ ಮಾತು: "ಒಂದು 255 ಹಾಕಿಬಿಡಿ ಸಾರ್." ಗಂಟೆಗೆ 255 ಲೀಟರ್ ಎಂಬ ಆ ಸಂಖ್ಯೆಯ ಜೊತೆ ಏಗಿ ಕಲಿತದ್ದು ಇಷ್ಟು.

1. 400 ಎಚ್‌ಪಿ ಎಂದರೆ ಎಲ್ಲಿ? ಡೈನೊ ತೋರಿಸುವುದು ಚಕ್ರದ ಶಕ್ತಿ, ಪೆಟ್ರೋಲ್ ಸುಡುವುದು ಕ್ರ್ಯಾಂಕಿನ ಶಕ್ತಿಗೆ. ನಡುವೆ ಸುಮಾರು ಶೇಕಡಾ 15 ಗೇರ್‌ಬಾಕ್ಸಿನ ಪಾಲು. ಇದನ್ನು ಬಗೆಹರಿಸಿಕೊಳ್ಳದೆ ಕ್ಯಾಲ್ಕುಲೇಟರ್ ಮುಟ್ಟಬೇಡಿ.

2. ಟರ್ಬೊ ಎಂಜಿನ್ನಿಗೆ ಪ್ರತಿ ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಹಿಡಿಯಿರಿ. ಟರ್ಬೊ ಇಲ್ಲದ ಎಂಜಿನ್ನಿಗೆ 210-220 ಸಾಕು. ಟರ್ಬೊದಲ್ಲಿ ಹೆಚ್ಚುವರಿ ಪೆಟ್ರೋಲು ಶಕ್ತಿಗಲ್ಲ, ಸಿಲಿಂಡರನ್ನು ತಂಪಾಗಿಡಲು. ಕ್ರ್ಯಾಂಕಿನಲ್ಲಿ 400 ಎಂದುಕೊಂಡರೆ 108 ಕೆ.ಜಿ.; ಲೀಟರಿಗೆ 0.74 ಕೆ.ಜಿ.ಯಂತೆ 146 ಲೀಟರ್. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆಸಿದ ಇ20. ಎಥನಾಲಿನಲ್ಲಿ ಕಸುವು ಕಡಿಮೆ, ಹಾಗಾಗಿ ಶೇಕಡಾ 7ರಷ್ಟು ಸೇರಿಸಿ: 156. ಅದರ ಮೇಲೆ ಶೇಕಡಾ 20 ಮೀಸಲು ಇಟ್ಟರೆ 190ರ ಹತ್ತಿರ. ಇಲ್ಲಿಗೆ ನಿಲ್ಲಿಸಿದರೆ 255 ಧಾರಾಳ ಎನಿಸುತ್ತದೆ. ಬಹಳ ಜನ ನಿಲ್ಲಿಸುವುದೂ ಇಲ್ಲೇ.

3. ಡಬ್ಬಿಯ ಸಂಖ್ಯೆ ಸಾಮಾನ್ಯವಾಗಿ 3 ಬಾರ್‌ಗಿಂತ ತುಸು ಕಡಿಮೆ ಒತ್ತಡದಲ್ಲಿ, 13.5 ವೋಲ್ಟಿನಲ್ಲಿ ಅಳೆದದ್ದು. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ನಮ್ಮ ರೇಲಿನ ಮೂಲ ಒತ್ತಡವೇ 3 ಬಾರ್. ಮೇಲೆ 2 ಬಾರ್ ಬೂಸ್ಟ್ ಬಂದಾಗ ಇಂಜೆಕ್ಟರಿನ ಬಾಯಿಗೆ ಗಾಳಿ ಎದುರು ನಿಲ್ಲುತ್ತದೆ. ರೆಗ್ಯುಲೇಟರ್ ರೇಲನ್ನು 5 ಬಾರ್‌ಗೆ ಏರಿಸಲೇಬೇಕು. ಸಂಪಿನ ಮೋಟರು ನೆಲಮಹಡಿಗೆ ಕೊಟ್ಟಷ್ಟು ನೀರನ್ನು ನಾಲ್ಕನೇ ಮಹಡಿಯ ಟ್ಯಾಂಕಿಗೆ ಕೊಡುವುದಿಲ್ಲವಲ್ಲ, ಇದೂ ಹಾಗೆಯೇ. 5 ಬಾರ್‌ನಲ್ಲಿ ಈ 255ರ ಪಂಪು ಇನ್ನೂರರ ಒಳಗೆ ಇಳಿಯುತ್ತದೆ. ನಮಗೆ ಬೇಕಾದದ್ದು 190. 255ರ ಧಾರಾಳ ಬಹುಮಟ್ಟಿಗೆ ಕರಗಿತು. ಪಂಪಿನೊಳಗಿನ ರಿಲೀಫ್ ವಾಲ್ವ್ ಕಡಿಮೆ ಒತ್ತಡದ ಮಾದರಿಯದ್ದಾದರೆ ಇನ್ನೂ ಕಷ್ಟ: ಅದು ಮೊದಲೇ ತೆರೆದುಕೊಂಡು ಪೆಟ್ರೋಲನ್ನು ಟ್ಯಾಂಕಿಗೇ ಸುರಿಯುತ್ತದೆ. ಆದ್ದರಿಂದ ಕೊಳ್ಳುವಾಗ ಒತ್ತಡದ ಎದುರು ಹರಿವನ್ನು ತೋರಿಸುವ ಗ್ರಾಫ್ ಕೇಳಿ. ಗ್ರಾಫ್ ಇಲ್ಲದ ಪಂಪನ್ನು ನಾನು ಮುಟ್ಟುವುದಿಲ್ಲ. ಹೆಸರಾಂತ ಪಂಪುಗಳ ನಕಲಿಯೂ ಸಾಕಷ್ಟು ಓಡಾಡುತ್ತಿದೆ.

4. ಪಂಪು ತಿನ್ನುವುದು ವೋಲ್ಟೇಜನ್ನು. 1.5 ಚದರ ಮಿ.ಮೀ. ತಂತಿ 5 ಮೀಟರ್ ಓಡಿ 10 ಆಂಪಿಯರ್ ಹೊತ್ತರೆ ಅದರಲ್ಲೇ 0.6 ವೋಲ್ಟ್ ಹೋಯಿತು. ಇಪ್ಪತ್ತು ವರ್ಷದ ಕನೆಕ್ಟರು, ತುಕ್ಕು ಹಿಡಿದ ಬಾಡಿ ಅರ್ಥಿಂಗ್ ಸೇರಿದರೆ ಒಂದು ವೋಲ್ಟ್ ಸುಲಭವಾಗಿ ದಾಟುತ್ತದೆ. ಪಂಪಿನ ಬುಡದಲ್ಲಿ 12 ವೋಲ್ಟ್ ಇದ್ದರೆ ಮೇಲೆ ಹೇಳಿದ 190 ಕನಸೇ ಸರಿ. ಬ್ಯಾಟರಿಯಿಂದ ನೇರ ಫ್ಯೂಸು, ರಿಲೇ, 4 ಚದರ ಮಿ.ಮೀ. ತಂತಿ, ಹೊಸ ಅರ್ಥಿಂಗ್: ಪಂಪಿಗಿಂತ ಮೊದಲು ಇದನ್ನು ಮಾಡಿಸಿ. ಖರ್ಚೂ ಕಡಿಮೆ. ಮೀಟರನ್ನು ಬ್ಯಾಟರಿಗಲ್ಲ, ಪಂಪು ಓಡುತ್ತಿರುವಾಗ ಅದರ ಟರ್ಮಿನಲ್ಲಿಗೆ ಹಿಡಿಯಿರಿ.

5. ಲೆಕ್ಕ ಮುಗಿದ ಮೇಲೆ ಅಳೆದು ನೋಡಿ. ಎಂಜಿನ್ ಆರಿಸಿ, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪಿಗೆ ಕೈಪಂಪಿನಿಂದ 2 ಬಾರ್ ಗಾಳಿ ಕೊಡಿ, ರಿಟರ್ನ್ ಪೈಪನ್ನು ಅಳತೆಯ ಕ್ಯಾನಿಗೆ ಬಿಟ್ಟು ಪಂಪನ್ನು ಒಂದು ನಿಮಿಷ ಓಡಿಸಿ. 3.2 ಲೀಟರ್ ಬಿದ್ದರೆ ಗಂಟೆಗೆ 192. ಬ್ಯಾಟರಿಗೆ ಚಾರ್ಜರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಕೆಲಸ ಬಯಲಲ್ಲೇ ಆಗಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಬೀಡಿ ಸೇದುವ ಹುಡುಗರು ದೂರವಿರಬೇಕು. ಫಿಲ್ಟರು, ಪೈಪು, ತಂತಿ ಎಲ್ಲದರ ಕೊರತೆಯೂ ಆ ಕ್ಯಾನಿನಲ್ಲಿ ಕಾಣುತ್ತದೆ.

6. ಹಾಗಾದರೆ ಅತಿ ದೊಡ್ಡದನ್ನೇ ಹಾಕೋಣವೇ? ಬೇಡ. ಐಡಲಿನಲ್ಲಿ ಎಂಜಿನ್ ಕುಡಿಯುವುದು ಗುಟುಕಿನಷ್ಟು. ಉಳಿದದ್ದೆಲ್ಲ ರಿಟರ್ನ್ ಪೈಪಿನಲ್ಲಿ ವಾಪಸ್. ಕಾರ್ಖಾನೆಯ ಸಣ್ಣ ಪೈಪು ಅದನ್ನು ನುಂಗಲಾರದೆ ರೇಲಿನ ಒತ್ತಡ 3 ಬಾರ್ ಮೀರುತ್ತದೆ. ಜೊತೆಗೆ ಪಂಪಿಗೆ ಹೋದ ಕರೆಂಟಿನ ಬಹುಪಾಲು ಶಾಖವಾಗಿ ಪೆಟ್ರೋಲಿಗೇ ಸೇರುತ್ತದೆ. ಬೇಸಿಗೆಯ ಟ್ರಾಫಿಕ್ಕಿನಲ್ಲಿ, ಟ್ಯಾಂಕು ಕಾಲುಭಾಗ ಇದ್ದಾಗ, ಅದು ಆವಿಯ ಗುಳ್ಳೆಯಾಗಿ ಕಾಡುತ್ತದೆ.

7. ಬೂಸ್ಟ್ ಬಂದಾಗ ಮಾತ್ರ ಏಳುವ ಎರಡನೇ ಪಂಪು ನನಗೆ ಇಷ್ಟವಿಲ್ಲ. ಅದು ಸತ್ತಿರುವುದು ಗೊತ್ತಾಗುವುದೇ ಪೂರ್ಣ ಬೂಸ್ಟಿನಲ್ಲಿ.

8. ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ತೆಳುವಾಗಿ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ಕರಗಲು ಹೆಚ್ಚು ಹೊತ್ತು ಬೇಡ. ಅದಕ್ಕೆ ರೇಲಿಗೊಂದು ಒತ್ತಡದ ಸೆನ್ಸರ್ ಹಾಕಿಸಿ. ರೇಲ್ ಒತ್ತಡದಿಂದ ಬೂಸ್ಟ್ ಕಳೆದರೆ ಯಾವ ಆರ್‌ಪಿಎಂನಲ್ಲೂ 3 ಬಾರ್ ಉಳಿಯಬೇಕು. 2.7ಕ್ಕೆ ಇಳಿದರೆ ಬೂಸ್ಟ್ ಕಡಿಯುವಂತೆ ನಾನು ಇಸಿಯುನಲ್ಲಿ ಬರೆದಿಡುತ್ತೇನೆ. "ಮೇಲಿನ ಆರ್‌ಪಿಎಂನಲ್ಲಿ ಗಾಡಿ ಎಳೆಯೋದೇ ಇಲ್ಲ" ಎಂದು ಸಿಟ್ಟಿನಿಂದ ವಾಪಸ್ ಬರುವವರಿದ್ದಾರೆ. ಅಂಥವರ ಗಾಡಿಯಲ್ಲಿ ನಾನು ಮೊದಲು ಬಿಚ್ಚುವುದು ಪೆಟ್ರೋಲ್ ಫಿಲ್ಟರನ್ನು.